ರಾತ್ರಿ ಎರಡು ಗಂಟೆಯ ಆಕ್ಸಿಮೀಟರ್: ಕಾಯಿಲೆಯ ಕಾಲದಲ್ಲಿ ಫೋನ್ ಹಿಡಿಯುವ ಬಗೆ

2021, ಕೊರೊನಾ ಕಾಲ. ನನ್ನ ತಮ್ಮನಿಗೆ ಆಗ ಹದಿನಾರು ವರ್ಷ. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಭುಜ ಹಿಡಿದು ಅಲ್ಲಾಡಿಸಿ ನನ್ನನ್ನು ಎಬ್ಬಿಸಿದ. ತೋರುಬೆರಳಿಗೆ ಆಕ್ಸಿಮೀಟರ್, ಅಂದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರಿಸುವ ಪುಟ್ಟ ಯಂತ್ರ, ಸಿಕ್ಕಿಸಿಕೊಂಡಿದ್ದ. ಕತ್ತಲಲ್ಲಿ ಕೆಂಪು ಅಂಕಿ ಮಿನುಗುತ್ತಿತ್ತು: 91. "ಅಕ್ಕಾ, ಉಸಿರು ಕಟ್ಟಿದ ಹಾಗೆ ಆಗ್ತಿದೆ" ಅಂದ.

ಕೈ ಮುಟ್ಟಿದೆ. ಬೆರಳುಗಳು ಕೊರೆಯುವಷ್ಟು ತಣ್ಣಗಿದ್ದವು. ನನ್ನ ಎರಡು ಅಂಗೈ ನಡುವೆ ಇಟ್ಟು ಉಜ್ಜಿದೆ. ಹೊದಿಕೆಯೊಳಗೆ ಐದು ನಿಮಿಷ ಇರಿಸಿ ಮತ್ತೆ ಹಾಕಿ ನೋಡಿದೆ. 98. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ, ಕೈ ಅಲುಗಾಡುತ್ತಿದ್ದರೆ ಆ ಯಂತ್ರ ತಪ್ಪು ಅಂಕಿ ತೋರಿಸಬಹುದು. ನಮ್ಮ ಡಬ್ಬಿಯೊಳಗಿನ ಚೀಟಿಯಲ್ಲೇ ಅದು ಇತ್ತು. ಚೀಟಿಯನ್ನು ಅವನು ಓದಿರಲಿಲ್ಲ. ರಾತ್ರಿ ಹನ್ನೊಂದರಿಂದ ಅವನು ನೋಡುತ್ತಿದ್ದದ್ದು 'ಹ್ಯಾಪಿ ಹೈಪಾಕ್ಸಿಯಾ' ಬಗ್ಗೆ ಒಂದರ ಹಿಂದೊಂದು ವಿಡಿಯೊ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದರೂ ರೋಗಿ ಏನೂ ಆಗದವರ ಹಾಗೆ ಆರಾಮಾಗಿ ಮಾತಾಡಿಕೊಂಡು ಕೂತಿರುತ್ತಾರಲ್ಲ, ಅದು.

ಅವನು ನಿದ್ದೆ ಹೋದ ಮೇಲೆ ಫೋನಿನ ಹಿಸ್ಟರಿ ತೆಗೆದು ನೋಡಿದೆ. ಹೆಚ್ಚಿನ ವಿಡಿಯೊಗಳು ಸುಳ್ಳಾಗಿರಲಿಲ್ಲ. ಮಾತಾಡಿದವರು ನಿಜವಾದ ಡಾಕ್ಟರುಗಳೇ. ಕಾಯಿಲೆ ನಿಜ, ಲಕ್ಷಣ ನಿಜ, ಸತ್ತವರ ಕಥೆಯೂ ನಿಜ. ಇವನಿಗೆ ಮಾತ್ರ ಕಾಯಿಲೆ ಇರಲಿಲ್ಲ.

'ಸುಳ್ಳು ಸುದ್ದಿ ನಂಬಬೇಡಿ' ಅನ್ನುವ ಬುದ್ಧಿಮಾತು ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ದಾರಿ ಮಾತ್ರ ಕರೆದುಕೊಂಡು ಹೋಗುತ್ತದೆ. ನಿಜವಾದ ಸುದ್ದಿಯೂ ಮಿತಿ ಮೀರಿ ಮೈಮೇಲೆ ಬಿದ್ದರೆ ಮನುಷ್ಯ ಹುಷಾರು ತಪ್ಪುತ್ತಾನೆ. ಹದಿಹರೆಯದವರಂತೂ ಬೇಗ.

ನಾನು ಡಾಕ್ಟರ್ ಅಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಹೊಸಬರಿಗೆ ಕಷ್ಟವಾಗುವುದು ಪುಸ್ತಕ ತರಿಸುವುದಲ್ಲ, ತೆಗೆಯುವುದು. ಹಳೆಯದಾದದ್ದು, ಯಾರೂ ಕೇಳದ್ದು, ಮೂರು ಮೂರು ಪ್ರತಿ ಇರುವುದು, ಇವನ್ನೆಲ್ಲ ಆಗಾಗ ಕಪಾಟಿನಿಂದ ತೆಗೆಯದಿದ್ದರೆ ಬೇಕಾದ ಪುಸ್ತಕ ಕಣ್ಣಿಗೇ ಬೀಳುವುದಿಲ್ಲ. ಕಳೆ ಕೀಳುವುದು ಅಂತಲೇ ಅದಕ್ಕೆ ಹೆಸರು. ಅದೇ ಕೆಲಸವನ್ನು ಫೋನಿನಲ್ಲಿ ಮಾಡುವುದು ಹೇಗೆ ಅಂತ ತಮ್ಮನಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. 2024ರ ಆಗಸ್ಟ್‌ನಲ್ಲಿ ಎಂಪಾಕ್ಸ್ (ಮೊದಲು ಮಂಕಿಪಾಕ್ಸ್ ಅನ್ನುತ್ತಿದ್ದ ಕಾಯಿಲೆ) ವಿಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಘೋಷಿಸಿದಾಗ ಆ ಹಾಳೆ ಮತ್ತೆ ಹೊರಗೆ ಬಂತು. ಕೆಲವು ಸಾಲು ಹೊಡೆದುಹಾಕಿದೆವು, ಕೆಲವು ಸೇರಿಸಿದೆವು. ಈಗ ನಿಮಗೆ ಹೇಳುತ್ತಿರುವುದು ತಿದ್ದಿದ ಪ್ರತಿ.

ಮೊದಲು ಒಂದು ರಾತ್ರಿಯ ಲೆಕ್ಕ ಬರೆಯಿರಿ

ಆ್ಯಪ್ ತೆಗೆದುಹಾಕುವ ಶಪಥ ಸದ್ಯಕ್ಕೆ ಬೇಡ. ಮೂರನೇ ದಿನ ಮತ್ತೆ ಹಾಕಿಕೊಳ್ಳುತ್ತೀರಿ, ನಾನೂ ಹಾಕಿಕೊಂಡಿದ್ದೇನೆ. ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಗಡೆ, ಕಾಯಿಲೆಗೆ ಸಂಬಂಧಪಟ್ಟ ಹಾಗೆ ನೋಡಿದ ಪ್ರತಿಯೊಂದು ಪೋಸ್ಟ್‌ಗೆ ಒಂದೆರಡು ಪದ. ಬಲಗಡೆ, ಅದನ್ನು ತಿಳಿದುಕೊಂಡದ್ದರಿಂದ ನಾಳೆ ಬೆಳಿಗ್ಗೆ ನೀವು ಬೇರೆ ಏನು ಮಾಡುತ್ತೀರಿ ಅನ್ನುವುದು. ಏನೂ ಇಲ್ಲದಿದ್ದರೆ ಖಾಲಿ ಬಿಡಿ.

ನಾನು ಬರೆದ ರಾತ್ರಿ ಒಂದು ಗಂಟೆ ಐವತ್ತು ನಿಮಿಷದಲ್ಲಿ ಎಡಗಡೆ 74 ಸಾಲು ಆದವು. ಬಲಗಡೆ ಮೂರು. ಒಂದು, ಲಸಿಕೆಗೆ ಹೆಸರು ಬರೆಸುವ ದಿನ ಬದಲಾಗಿತ್ತು. ಎರಡು, ಗೆಳತಿಯ ತಂದೆಗೆ ಹುಷಾರಿಲ್ಲ ಅಂತ ಗೊತ್ತಾಯಿತು, ಬೆಳಿಗ್ಗೆ ಫೋನ್ ಮಾಡಬೇಕು. ಮೂರು, ಕಿಟಕಿ ತೆರೆದಿಡಬೇಕು. ಉಳಿದ 71 ಸಾಲುಗಳಲ್ಲಿ ಏನಿತ್ತು? ಎಲ್ಲೋ ದೂರದ ಆಸ್ಪತ್ರೆಯ ಕಾರಿಡಾರ್. ನಾನು ಹೆಸರೇ ಕೇಳದ ಊರಿನ ಅಂಕಿ. ಯಾರೋ ಇಬ್ಬರ ಜಗಳ, ಆ ಜಗಳದ ಬಗ್ಗೆ ಮೂರನೆಯವರ ಕೋಪ. ಅಳುತ್ತಿದ್ದ ಒಬ್ಬ ನರ್ಸ್. ಅವರ ಮುಖ ನನಗೆ ಇನ್ನೂ ನೆನಪಿದೆ, ಆದರೆ ಅವರಿಗಾಗಿ ನಾನು ಏನೂ ಮಾಡಲಿಲ್ಲ, ಮಾಡುವ ದಾರಿಯೂ ಇರಲಿಲ್ಲ.

ಕೈಯಿಂದ ಬರೆಯುವುದು ಮುಖ್ಯ. ಬರೆಯಲು ಬೇಜಾರಾಗಿ ನಲವತ್ತನೇ ಸಾಲಿಗೇ ನೀವು ಫೋನ್ ಕೆಳಗಿಡಬಹುದು. ಇಟ್ಟರೆ ಒಳ್ಳೆಯದೇ.

2020ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೊಸ್ ಅಧಾನೊಮ್ ಘೆಬ್ರೆಯೆಸಸ್ 'ಇನ್ಫೋಡೆಮಿಕ್' ಅನ್ನುವ ಪದ ಬಳಸಿದರು, ಆಮೇಲೆ ಅದು ಎಲ್ಲರ ಬಾಯಿಗೂ ಬಂತು. ಪದ ಅದಕ್ಕಿಂತ ಹಳೆಯದು, 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ಕಾಯಿಲೆ ಹರಡಿದ್ದ ಕಾಲದ್ದು. ತುಂಬಾ ಜನ ಅದನ್ನು ಸುಳ್ಳು ಸುದ್ದಿಗೆ ಇನ್ನೊಂದು ಹೆಸರು ಅಂದುಕೊಂಡಿದ್ದಾರೆ. ಸಂಸ್ಥೆಯ ವಿವರಣೆ ಓದಿದರೆ ಹಾಗಿಲ್ಲ. ಮೊದಲು ಬರುವುದು 'ಮಾಹಿತಿ ಅತಿಯಾಗುವುದು'. ಸುಳ್ಳು, ದಾರಿತಪ್ಪಿಸುವ ಮಾಹಿತಿ ಅದರ ಒಂದು ಭಾಗ ಅಷ್ಟೇ. ಆ ಬಲಗಡೆಯ ಖಾಲಿ ಸಾಲುಗಳಿಗೆ ಸರಿಯಾದ ಹೆಸರು ಇದೇ ಅಂತ ನನಗೆ ಅನ್ನಿಸಿತು.

ಫೋನ್ ಯಾಕೆ ತಾನಾಗಿ ನಿಲ್ಲುವುದಿಲ್ಲ

ಪತ್ರಿಕೆಗೆ ಕೊನೆಯ ಪುಟ ಇರುತ್ತದೆ. ಫೋನಿನಲ್ಲಿ ಒಂದರ ಕೆಳಗೊಂದು ಬರುವ ಪೋಸ್ಟ್‌ಗಳ ಸಾಲಿಗೆ, ಅಂದರೆ ಫೀಡ್‌ಗೆ, ಇಲ್ಲ. ಬೆರಳು ಮೇಲೆ ತಳ್ಳಿದಷ್ಟೂ ಹೊಸದು ಬರುವ ವಿನ್ಯಾಸವನ್ನು 2006ರಲ್ಲಿ ಮಾಡಿದವರು ಏಜಾ ರಾಸ್ಕಿನ್ ಅನ್ನುವ ಅಮೆರಿಕದ ವಿನ್ಯಾಸಕಾರ. ಮುಂದೆ ಅವರೇ ಅದಕ್ಕೆ ಪಶ್ಚಾತ್ತಾಪಪಟ್ಟು ಮಾತಾಡಿದ್ದಾರೆ. ಇನ್ನೊಂದು ವಿಷಯ: ನೀವು ಒಂದು ವಿಡಿಯೊ ಮುಂದೆ ಎಷ್ಟು ಹೊತ್ತು ನಿಂತಿರಿ ಅನ್ನುವುದನ್ನು ಆ್ಯಪ್ ಅಳೆಯುತ್ತದೆ. ಯಾಕೆ ನಿಂತಿರಿ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹೆದರಿ ನಿಂತರೂ ಇಷ್ಟಪಟ್ಟು ನಿಂತರೂ ಅದಕ್ಕೆ ಒಂದೇ. ನನ್ನ ತಮ್ಮ ಮೊದಲನೇ ವಿಡಿಯೊವನ್ನು ಭಯದಿಂದ ಎರಡು ಸಲ ನೋಡಿದ. 'ಓಹೋ, ಇವನಿಗೆ ಇದು ಬೇಕು' ಅಂತ ಅದು ಇನ್ನೂ ಕೊಟ್ಟಿತು.

ಇಲ್ಲಿ ಒಂದು ಅಧ್ಯಯನ ಹೇಳಲೇಬೇಕು. 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾಯಿತು. ಮರುವರ್ಷ ಬಂದ ಸಂಶೋಧನೆ ಹೇಳಿದ್ದು ಇದು: ಆ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿಯನ್ನೇ ನೋಡಿದವರಲ್ಲಿ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲಿ ಅಥವಾ ಹತ್ತಿರ ಇದ್ದವರಿಗಿಂತ ಜಾಸ್ತಿ ಇದ್ದವು. ಅದು ಕಾಯಿಲೆಯ ವಿಷಯವಲ್ಲ, ಒಪ್ಪುತ್ತೇನೆ. ಮೊದಲೇ ಹೆದರುವ ಸ್ವಭಾವದವರು ಜಾಸ್ತಿ ನೋಡಿರಲೂಬಹುದು. ಆದರೂ ರಾತ್ರಿ ಎರಡು ಗಂಟೆಗೆ ಆ ತಣ್ಣನೆಯ ಬೆರಳುಗಳನ್ನು ಹಿಡಿದಿದ್ದ ನನಗೆ ಅದನ್ನು ಓದಿದಾಗ ಆಶ್ಚರ್ಯ ಆಗಲಿಲ್ಲ.

ಹೊತ್ತು ಗೊತ್ತುಮಾಡಿ, ಮೂಲ ಗೊತ್ತುಮಾಡಿ

ದಿನಕ್ಕೆ ಒಂದು ಅಥವಾ ಎರಡು ಸಲ, ಗೊತ್ತಾದ ಹೊತ್ತಿನಲ್ಲಿ ಮಾತ್ರ ಸುದ್ದಿ ನೋಡಿ. ಇದು ನನ್ನ ಉಪಾಯವಲ್ಲ, 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ. ನಾವು ಮಧ್ಯಾಹ್ನ ಒಂದೂವರೆಗೆ ಇಪ್ಪತ್ತು ನಿಮಿಷ, ಸಂಜೆ ಆರಕ್ಕೆ ಇಪ್ಪತ್ತು ನಿಮಿಷ ಅಂತ ಇಟ್ಟುಕೊಂಡೆವು. ಬೆಳಿಗ್ಗೆ ಎದ್ದ ತಕ್ಷಣ ಬೇಡ. ಮಲಗುವ ಮುಂಚೆ ಖಂಡಿತ ಬೇಡ. ಸಂಜೆ ಆರಕ್ಕೆ ಕೆಟ್ಟ ಸುದ್ದಿ ಓದಿದರೆ ಅದು ಜೀರ್ಣವಾಗಲು ನಾಲ್ಕೈದು ಗಂಟೆ ಸಿಗುತ್ತದೆ. ಹನ್ನೊಂದಕ್ಕೆ ಓದಿದರೆ ಅದನ್ನೇ ಕಟ್ಟಿಕೊಂಡು ಮಲಗಬೇಕು.

ಮೂರು ಮೂಲ ಸಾಕು. ನಿಮ್ಮ ಜಾಗದ ಸರಕಾರಿ ಆರೋಗ್ಯ ಇಲಾಖೆಯ ಪುಟ ಒಂದು. ನೀವು ಮೊದಲಿನಿಂದ ನಂಬಿರುವ, ತಪ್ಪಾದಾಗ ತಿದ್ದುಪಡಿ ಹಾಕುವ ಒಂದು ಪತ್ರಿಕೆ. ಪ್ರಶ್ನೆ ಕೇಳಲು ಸಿಗುವ ಒಬ್ಬ ಮನುಷ್ಯ: ಮನೆಯ ಡಾಕ್ಟರ್, ನರ್ಸ್ ಆಗಿರುವ ಸಂಬಂಧಿಕರು, ಯಾರಾದರೂ. ಮೂರನೆಯದು ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. 'ಕಾಯಿಲೆ ಹೇಗಿದೆ' ಅಂತ ಮಾತ್ರ ಫೀಡ್ ಹೇಳುತ್ತದೆ. 'ನಿನಗೆ ಏನಾಗಿದೆ' ಅಂತ ಹೇಳಲು ಎದುರಿಗೆ ಮನುಷ್ಯರೇ ಬೇಕು.

ಈ ಮೂರನ್ನು ನೀವಾಗಿ ಹೋಗಿ ತೆರೆಯಿರಿ. ಅವು ಬಂದು ನಿಮ್ಮ ಬಾಗಿಲು ಬಡಿಯಬಾರದು. ಅಂದರೆ ಸುದ್ದಿಯ ನೋಟಿಫಿಕೇಶನ್ ಎಲ್ಲ ಬಂದ್.

ಇನ್ನು ಸೆಟಿಂಗ್ಸ್ ಕೆಲಸ. ಅರ್ಧ ಗಂಟೆ ಹಿಡಿಯುತ್ತದೆ. ನಮಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದನ್ನು ಮೊದಲು ಹೇಳುತ್ತೇನೆ: ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ, ಆಮೇಲೆ ಅದನ್ನು ಆಫ್ ಮಾಡಿ. 2023ರ ಆಗಸ್ಟ್‌ನಿಂದ, ಹಿಸ್ಟರಿ ಇಲ್ಲದವರಿಗೆ ಹೋಮ್ ಪುಟ ಖಾಲಿ ಬರುತ್ತದೆ. ಬೇಕಾದದ್ದನ್ನು ನೀವೇ ಹುಡುಕಬೇಕು. ಮೊದಲ ದಿನ ನನ್ನ ತಮ್ಮ ಆ ಖಾಲಿ ಪುಟವನ್ನು ನೋಡಿ ನೆಟ್ ಹೋಗಿದೆ ಅಂದುಕೊಂಡ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಪದಗಳನ್ನೇ ಮ್ಯೂಟ್ ಮಾಡಬಹುದು, ಅಂದರೆ ಆ ಪದ ಇರುವ ಪೋಸ್ಟ್ ಕಾಣದ ಹಾಗೆ ಮಾಡಬಹುದು. ಕಾಯಿಲೆಯ ಹೆಸರು, ಅದರ ಅಡ್ಡಹೆಸರು, ತಪ್ಪು ಸ್ಪೆಲಿಂಗ್, ಎಲ್ಲ ಹಾಕಿ. ರೀಲ್ಸ್‌ನಲ್ಲಿ ಬೇಡದ್ದು ಬಂದರೆ ಬೈಯುತ್ತಾ ಪೂರ್ತಿ ನೋಡಬೇಡಿ. 'ನಾಟ್ ಇಂಟರೆಸ್ಟೆಡ್' ಒತ್ತಿ ಮುಂದೆ ಹೋಗಿ. ಬೈದು ಕಮೆಂಟ್ ಹಾಕಿದರೆ ನಿಮಗೆ ಅದು ಇಷ್ಟ ಅಂತಲೇ ಲೆಕ್ಕ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಗುಂಪುಗಳನ್ನು ಆರ್ಕೈವ್ ಮಾಡಿ. ಬಿಟ್ಟು ಹೋದರೆ ಮನೆಯವರಿಗೆ ಬೇಜಾರು, ಆರ್ಕೈವ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಚಾರ್ಜರ್ ಮಲಗುವ ಕೋಣೆಯಿಂದ ಹೊರಗೆ. ಅಲಾರಂ ನೆಪ ಹೇಳಬೇಡಿ, ಒಂದು ಗಡಿಯಾರ ಇಟ್ಟುಕೊಳ್ಳಿ.

ಅಂಕಿಗಳ ಚಟ

ಇದಕ್ಕೆ ಬೇರೆಯೇ ಜಾಗ ಕೊಡಬೇಕು, ಯಾಕೆಂದರೆ ಇದರಲ್ಲಿ ಬಿದ್ದವಳು ತಮ್ಮನಲ್ಲ, ನಾನು. ಪ್ರತಿ ದಿನದ ಹೊಸ ಸೋಂಕು, ಸಾವು, ಒಟ್ಟು, ಶೇಕಡಾವಾರು. ಬುಲೆಟಿನ್ ಬರುವ ಮುಂಚೆ ಹತ್ತು ನಿಮಿಷ ಪುಟ ರಿಫ್ರೆಶ್ ಮಾಡುತ್ತಾ ಕೂತಿರುತ್ತಿದ್ದೆ. ಕ್ರಿಕೆಟ್ ಸ್ಕೋರ್ ನೋಡುವ ಹಾಗೆ. ಹೇಳಲು ನಾಚಿಕೆ, ಆದರೆ ಹಾಗೇ ಇತ್ತು.

ಆಮೇಲೆ ಗೊತ್ತಾಯಿತು, ದಿನದ ಅಂಕಿ ಅಷ್ಟು ನಂಬುವಂಥದ್ದಲ್ಲ. ರಜೆ ದಿನ ಪರೀಕ್ಷೆ ಕಡಿಮೆ, ವರದಿ ಕಳಿಸುವವರೂ ಕಡಿಮೆ. ಹಾಗಾಗಿ ವಾರದ ಕೊನೆಗೆ ಅಂಕಿ ಇಳಿದ ಹಾಗೆ ಕಾಣುತ್ತದೆ, ಮಂಗಳವಾರದ ಹೊತ್ತಿಗೆ ಜಿಗಿಯುತ್ತದೆ. ಸೋಮವಾರ ನಾನು ಖುಷಿಪಟ್ಟದ್ದೂ ಸುಳ್ಳು, ಮಂಗಳವಾರ ಹೆದರಿದ್ದೂ ಸುಳ್ಳು. 'ಒಟ್ಟು ಸೋಂಕಿತರು' ಅನ್ನುವ ಅಂಕಿಯಂತೂ ಎಂದಿಗೂ ಇಳಿಯುವುದೇ ಇಲ್ಲ. ಅದು ಮೊದಲ ದಿನದಿಂದ ಕೂಡುತ್ತಾ ಬಂದ ಮೊತ್ತ, ಗುಣವಾದವರೂ ಅದರಲ್ಲೇ ಇರುತ್ತಾರೆ. ದೊಡ್ಡ ಅಕ್ಷರದಲ್ಲಿ ಕೆಂಪು ಬಣ್ಣದಲ್ಲಿ ಹಾಕುವುದು ಮಾತ್ರ ಅದನ್ನೇ.

ಅಂಕಿ ನೋಡಲೇಬೇಕು ಅನ್ನಿಸಿದರೆ ವಾರಕ್ಕೆ ಒಂದು ದಿನ, ಏಳು ದಿನದ ಸರಾಸರಿ ನೋಡಿ. ಏರುತ್ತಿದೆಯಾ, ಇಳಿಯುತ್ತಿದೆಯಾ, ಅಲ್ಲೇ ಇದೆಯಾ. ಅಷ್ಟು ಸಾಕು. ಎರಡು ಜಾಗಗಳನ್ನು ಹೋಲಿಸುವುದಾದರೆ ಲಕ್ಷ ಜನಕ್ಕೆ ಎಷ್ಟು ಅನ್ನುವ ಲೆಕ್ಕ ಬೇಕು. ಇಲ್ಲದಿದ್ದರೆ ಜಾಸ್ತಿ ಜನ ಇರುವ ಕಡೆ ಜಾಸ್ತಿ ಕಾಯಿಲೆ ಇರುವ ಹಾಗೆ ಕಾಣುತ್ತದೆ, ಅಷ್ಟೇ ಅಲ್ವಾ?

'ಅವತ್ತು ಹಾಗಂದ್ರು, ಇವತ್ತು ಹೀಗಂತಾರೆ'

ಈ ಮಾತು ತಮ್ಮನ ಗೆಳೆಯರಲ್ಲಿ ದಿನಾ ಕೇಳುತ್ತಿತ್ತು. ಅವರ ಸಿಟ್ಟು ಪೂರ್ತಿ ತಪ್ಪಲ್ಲ. ಮಾಸ್ಕ್ ವಿಷಯವನ್ನೇ ನೋಡಿ. ಶುರುವಿನಲ್ಲಿ ಆರೋಗ್ಯವಾಗಿರುವ ಎಲ್ಲರೂ ಹಾಕಬೇಕಾಗಿಲ್ಲ ಅನ್ನುವಂಥ ಸಲಹೆ ಇತ್ತು. 2020ರ ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಬದಲಿಸಿತು. ಸೋಂಕು ಹರಡಿರುವ ಕಡೆ, ಅಂತರ ಕಾಯಲು ಆಗದ ಜಾಗಗಳಲ್ಲಿ ಜನಸಾಮಾನ್ಯರೂ ಬಟ್ಟೆ ಮಾಸ್ಕ್ ಹಾಕಲಿ ಅಂದಿತು. ಹದಿನಾರರ ಹುಡುಗನಿಗೆ ಇದು ಮೋಸದ ಹಾಗೆ ಕಾಣುತ್ತದೆ. ಯಾವುದನ್ನೂ ನಂಬಬಾರದು ಅನ್ನುವ ಕಡೆ ಮನಸ್ಸು ಹೊರಳುತ್ತದೆ. ಏನನ್ನೂ ನಂಬದವನು ಮಾರನೇ ದಿನ ಏನನ್ನು ಬೇಕಾದರೂ ನಂಬುತ್ತಾನೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸ ಕಾಯಿಲೆ ಬಂದಾಗ ಮೊದಲ ತಿಂಗಳುಗಳ ಸಲಹೆಯನ್ನು ಪೆನ್ಸಿಲ್‌ನಲ್ಲಿ ಬರೆದದ್ದು ಅಂದುಕೊಳ್ಳಿ. ಓದುವಾಗ ಮೊದಲು ತಾರೀಖು ನೋಡಿ. ಆಮೇಲೆ 'ಯಾಕೆ ಬದಲಾಯಿತು' ಅಂತ ಕಾರಣ ಕೊಟ್ಟಿದ್ದಾರಾ ನೋಡಿ. ಕಾರಣ ಕೊಟ್ಟು ಮಾತು ಬದಲಿಸುವವರನ್ನು, ಎಂದೂ ಬದಲಿಸದವರಿಗಿಂತ ನಾನು ಜಾಸ್ತಿ ನಂಬುತ್ತೇನೆ. 'ಹೊಸ ಅಧ್ಯಯನ ಹೇಳುತ್ತದೆ' ಅಂತ ಶುರುವಾಗುವ ಪೋಸ್ಟ್ ಕಂಡರೆ ಅದು ಪ್ರೀಪ್ರಿಂಟ್ ಹೌದೋ ಅಲ್ಲವೋ ಹುಡುಕಿ. ಪ್ರೀಪ್ರಿಂಟ್ ಅಂದರೆ ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮೊದಲೇ ಹೊರಗೆ ಇಟ್ಟ ಬರಹ. ಅದು ಸುಳ್ಳಲ್ಲ, ಹಸಿ. ಸಂಶೋಧಕರು ಓದಲಿ, ನೀವು ಅದನ್ನು ಓದಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಫಾರ್ವರ್ಡ್ ಬಂದಾಗ

ಸುಳ್ಳು ಸುದ್ದಿ ಅರ್ಧ ವಿಷಯ ಅಂದೆ, ಹಾಗಂತ ಅದು ಸಣ್ಣ ಅರ್ಧವಲ್ಲ. 2020ರಲ್ಲಿ ಇರಾನಿನಲ್ಲಿ ಮದ್ಯ ಕುಡಿದರೆ ಕೊರೊನಾ ಬರುವುದಿಲ್ಲ ಅನ್ನುವ ಗಾಳಿಮಾತು ನಂಬಿ ಮೆಥನಾಲ್ ಅನ್ನುವ ವಿಷ ಬೆರೆತದ್ದನ್ನು ಕುಡಿದು ನೂರಾರು ಜನ ಸತ್ತರು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿತು. 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಗಿತ್ತು. ಹರಡಿದ್ದು ಹೆಚ್ಚಾಗಿ ಯಂತ್ರಗಳಲ್ಲ, ನಮ್ಮಂಥ ಮನುಷ್ಯರೇ. ಸುಳ್ಳು ಹೊಸದಾಗಿ ಕಾಣುತ್ತದೆ, ಬೆರಗು ಹುಟ್ಟಿಸುತ್ತದೆ, ಹಂಚಲು ಕೈ ತುರಿಸುತ್ತದೆ.

ಮೂರು ನಿಮಿಷದ ಪರೀಕ್ಷೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು, ಕಳಿಸಿದವರು ಬರೆದದ್ದಲ್ಲ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳಿಸಲು ಆಗುತ್ತದೆ. ಆ ಬಾಣ ಕಂಡರೆ ಬೆರಳು ನಿಲ್ಲಲಿ. ಫೋಟೊ ಇದ್ದರೆ ಗೂಗಲ್ ಲೆನ್ಸ್ ಅಥವಾ ಟಿನ್‌ಐಯಲ್ಲಿ ಹಾಕಿ, ಅದೇ ಫೋಟೊ ಬೇರೆ ಎಲ್ಲಿ ಬಂದಿದೆ ಅಂತ ಅವು ಹುಡುಕಿಕೊಡುತ್ತವೆ. ನನಗೆ ಬಂದ 'ಇವತ್ತಿನ ಆಸ್ಪತ್ರೆ' ಫೋಟೊ ಒಂದು ಏಳು ವರ್ಷ ಹಳೆಯದಾಗಿತ್ತು, ಬೇರೆ ದೇಶದ್ದು. ಆಡಿಯೊ ಬಂದರೆ, 'ನಾನು ದೊಡ್ಡ ಆಸ್ಪತ್ರೆಯ ಡಾಕ್ಟರ್' ಅನ್ನುವ ಧ್ವನಿಗೆ ಹೆಸರು, ಊರು, ದಿನ ಇದೆಯಾ ಕೇಳಿ. ಈ ಮೂರೂ ಇಲ್ಲದ ಆಡಿಯೊ ನಿಜವಾಗಿದ್ದನ್ನು ನಾನು ಇನ್ನೂ ಕೇಳಿಲ್ಲ. ಸ್ಕ್ರೀನ್‌ಶಾಟ್ ಅಂದರೆ ಮೂಲ ಅಲ್ಲ. ಮೂಲ ಪುಟಕ್ಕೆ ಹೋಗಿ ಅದೇ ಸಾಲು ಇದೆಯಾ ನೋಡಿ. ಮೂರು ನಿಮಿಷದಲ್ಲಿ ಗೊತ್ತಾಗದಿದ್ದರೆ ಹಂಚಬೇಡಿ, ಅಲ್ಲಿಗೆ ಬಿಡಿ. ನೀವು ಪತ್ತೇದಾರರಾಗಬೇಕಾಗಿಲ್ಲ. ಪ್ರತಿಯೊಂದನ್ನೂ ಪರೀಕ್ಷೆ ಮಾಡುತ್ತಾ ಕೂರುವುದೂ ಸ್ಕ್ರೋಲ್ ಮಾಡುವುದೇ, ಬೇರೆ ಹೆಸರಿನಲ್ಲಿ.

ದೊಡ್ಡವರು ಕಳಿಸಿದರೆ? ಗುಂಪಿನಲ್ಲೇ ಎಲ್ಲರೆದುರು 'ಇದು ಸುಳ್ಳು' ಅಂತ ಲಿಂಕ್ ಎಸೆದು ನೋಡಿದೆ. ದೊಡ್ಡಮ್ಮ ಎರಡು ವಾರ ಮಾತು ಬಿಟ್ಟರು, ಫಾರ್ವರ್ಡ್ ಮಾತ್ರ ನಿಲ್ಲಿಸಲಿಲ್ಲ. ಈಗ ಫೋನ್ ಮಾಡುತ್ತೇನೆ. ಮೊದಲು 'ಹೇಗಿದ್ದೀರಿ, ತುಂಬಾ ಭಯ ಆಗ್ತಿದೆಯಾ' ಅಂತ ಕೇಳುತ್ತೇನೆ. ಅವರು ಕಳಿಸುವುದು ಭಯಕ್ಕೆ, ಪ್ರೀತಿಗೆ. ಆ ಮಾತು ಮುಗಿದ ಮೇಲೆ 'ಅದೊಂದು ಮೆಸೇಜ್ ಹಳೆಯದಂತೆ, ಅಳಿಸಿಬಿಡಿ' ಅಂದರೆ ಅಳಿಸುತ್ತಾರೆ. ಒಂದೊಂದು ಸಲ.

ಸಹಾಯ ಮಾಡುವ ಆಸೆಗೂ ಗಡಿ ಬೇಕು

ಯುವಜನರ ಫೋನಿನಲ್ಲಿ ಭಯದ ಜೊತೆ ಇನ್ನೊಂದು ಇರುತ್ತದೆ: ತಪ್ಪಿತಸ್ಥ ಭಾವ. ಜನ ಸಾಯುತ್ತಿರುವಾಗ ನಾನು ಹಾಡು ಕೇಳುವುದಾ? 2021ರಲ್ಲಿ ನಾನು ಆಸ್ಪತ್ರೆ ಹಾಸಿಗೆ, ಆಮ್ಲಜನಕ ಸಿಗುತ್ತದೆ ಅಂತ ಹಂಚುತ್ತಿದ್ದ ಫೋನ್ ನಂಬರ್‌ಗಳನ್ನು ಪರೀಕ್ಷಿಸುವ ಒಂದು ಗುಂಪಿಗೆ ಸೇರಿದೆ. ಕೆಲಸ ಏನೆಂದರೆ ಪಟ್ಟಿಯಲ್ಲಿರುವ ನಂಬರ್‌ಗೆ ಫೋನ್ ಮಾಡಿ 'ಇದೆಯಾ' ಅಂತ ಕೇಳುವುದು. ಒಂದು ದಿನ 'ಪರೀಕ್ಷಿಸಲಾಗಿದೆ' ಅಂತ ಗುರುತು ಇದ್ದ ನಂಬರ್‌ಗೆ ಮಾಡಿದೆ. ಎತ್ತಿದ ಮುದುಕರು ಒಬ್ಬರು 'ಅಮ್ಮಾ, ಇದು ನನ್ನ ಮನೆ ನಂಬರು, ಮೂರು ದಿನದಿಂದ ಜನ ಅಳುತ್ತಾ ಫೋನ್ ಮಾಡ್ತಿದ್ದಾರೆ, ನಾನೇನು ಹೇಳಲಿ' ಅಂದರು. ಆ ದಿನದಿಂದ ಪ್ರತಿ ನಂಬರ್ ಪಕ್ಕ ಗಂಟೆ, ನಿಮಿಷ ಬರೆಯುವ ನಿಯಮ ತಂದೆವು. ನಾಲ್ಕು ಗಂಟೆ ಕಳೆದರೆ ನಂಬರ್ ಅಳಿಸುವುದು. ಹಂಚುವುದಕ್ಕಿಂತ ಅಳಿಸುವುದರಿಂದ ಜಾಸ್ತಿ ಜನಕ್ಕೆ ಉಪಕಾರವಾಯಿತು ಅಂತ ನನ್ನ ಅಂದಾಜು.

ಇಂಥ ಕೆಲಸ ಮಾಡುವುದಾದರೆ ಪಾಳಿ ಇರಲಿ. ದಿನಕ್ಕೆ ಎರಡು ಗಂಟೆ, ಇಬ್ಬಿಬ್ಬರು ಜೊತೆಯಾಗಿ. ಮುಗಿದ ಮೇಲೆ ಜೊತೆಗಾರರೊಂದಿಗೆ ಹತ್ತು ನಿಮಿಷ ಬೇರೆ ಏನಾದರೂ ಮಾತು. ಹದಿನೆಂಟು ತುಂಬದವರನ್ನು ರೋಗಿಗಳ ಮನೆಯವರ ಜೊತೆ ನೇರವಾಗಿ ಮಾತಾಡಿಸಬೇಡಿ. ತಮ್ಮ ಹಟ ಮಾಡಿದ, ನಾನು ಬಿಡಲಿಲ್ಲ. ಪಟ್ಟಿ ಟೈಪ್ ಮಾಡಲು ಕೊಟ್ಟೆ. ಅವನಿಗೆ ಬೇಕಾದದ್ದು ಕೈಗೆ ಒಂದು ಕೆಲಸ. ಆಕ್ಸಿಮೀಟರ್ ಡಬ್ಬಿ ಸೇರಿದ್ದು ಆ ವಾರವೇ.

ಮಾತು ಕೇಳದ ಭಯ

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಹೋಗುವುದಿಲ್ಲ. ಕೊರೊನಾದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಯುವಜನರಿಗೂ ಹೆಂಗಸರಿಗೂ ಪೆಟ್ಟು ಜಾಸ್ತಿ ಬಿದ್ದಿತ್ತು. ಅದಕ್ಕೆ ಫೋನ್ ಒಂದೇ ಕಾರಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂಟಿತನ ಇತ್ತು, ಮನೆಯಲ್ಲಿ ಸಾವುಗಳಿದ್ದವು, ನಿಂತುಹೋದ ಓದು, ಹೋದ ಕೆಲಸ ಇದ್ದವು. ಎಷ್ಟೋ ಹುಡುಗ ಹುಡುಗಿಯರಿಗೆ ಗೆಳೆಯರನ್ನು ಉಳಿಸಿಕೊಟ್ಟದ್ದೂ ಅದೇ ಫೋನು. ಅದಕ್ಕೇ ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಗೆಳೆಯರ ಜೊತೆ ಹರಟೆ ಒಂದು, ರಾತ್ರಿಯ ಸ್ಕ್ರೋಲ್ ಇನ್ನೊಂದು. ಎರಡನೆಯದನ್ನು ಮಾತ್ರ ಕೀಳಿ.

ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ದಿನಕ್ಕೆ ಹತ್ತಾರು ಸಲ ಜ್ವರ ನೋಡಿಕೊಳ್ಳುವುದು ನಿಲ್ಲುತ್ತಿಲ್ಲ ಅಂದರೆ ಡಾಕ್ಟರ್ ಅಥವಾ ಆಪ್ತಸಲಹೆಗಾರರ ಹತ್ತಿರ ಹೋಗಿ. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅದೇ ಗಳಿಗೆ ಪಕ್ಕದಲ್ಲಿ ಇರುವವರಿಗೆ ಹೇಳಿ, ಸಹಾಯವಾಣಿಗೆ ಫೋನ್ ಮಾಡಿ. ಇನ್ನೊಂದು ಎಚ್ಚರ: ಎಲ್ಲವೂ ಭಯವೇ ಅಲ್ಲ. ಕೈ ಬೆಚ್ಚಗಿದ್ದರೂ ಆಕ್ಸಿಮೀಟರ್ ಕಡಿಮೆಯನ್ನೇ ತೋರಿಸುತ್ತಿದ್ದರೆ, ಅಥವಾ ಅಂಕಿ ಚೆನ್ನಾಗಿದ್ದರೂ ಉಸಿರಾಡಲು ನಿಜವಾಗಿ ಕಷ್ಟವಾದರೆ, ಅದು ಫೀಡ್‌ನ ಕೆಲಸ ಅಂತ ಸಮಾಧಾನ ಮಾಡಿಕೊಂಡು ಕೂರಬೇಡಿ. ತಕ್ಷಣ ಡಾಕ್ಟರ್‌ಗೆ ಹೇಳಿ.

ಕಾಯಿಲೆ ಮನೆಯೊಳಗೇ ಬಂದರೆ

ಆಗ ಮೇಲಿನ ಅರ್ಧ ನಿಯಮ ಬಿದ್ದುಹೋಗುತ್ತದೆ. ಅಮ್ಮನಿಗೆ ಸೋಂಕು ತಗುಲಿದಾಗ ಮಧ್ಯಾಹ್ನ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಅಂತ ಕೂರಲು ಆಗಲಿಲ್ಲ. ಆಗ ಮಾಡಿದ್ದು ಒಂದೇ: ಮನೆಯಲ್ಲಿ ಒಬ್ಬರು ಮಾತ್ರ ಫೋನಿನವರು. ಡಾಕ್ಟರ್ ಜೊತೆ ಮಾತು, ಸಂಬಂಧಿಕರಿಗೆ ಉತ್ತರ, ಔಷಧಿ ವಿಚಾರಣೆ, ಎಲ್ಲ ಅವರದೇ. ಉಳಿದವರು ಹುಡುಕುವ ಹಾಗಿಲ್ಲ. ಎಂಟು ಗಂಟೆಗೊಮ್ಮೆ ಬದಲಿ. ಸಂಬಂಧಿಕರಿಗೆ ಸಂಜೆ ಏಳಕ್ಕೆ ಒಂದೇ ಮೆಸೇಜ್: ಜ್ವರ ಎಷ್ಟು, ಆಮ್ಲಜನಕ ಎಷ್ಟು, ಊಟ ಮಾಡಿದರಾ. ಸಲಹೆ ಕಳಿಸಿದವರಿಗೆಲ್ಲ ಒಂದೇ ಉತ್ತರ: 'ಡಾಕ್ಟರ್‌ಗೆ ಕೇಳುತ್ತೇವೆ.'

ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿದ್ದೆವು. ಡಾಕ್ಟರ್ ನಂಬರ್, ಆಂಬ್ಯುಲೆನ್ಸ್ ನಂಬರ್, ಯಾವ ಅಂಕಿಗೆ ಇಳಿದರೆ ಫೋನ್ ಮಾಡಬೇಕು ಅಂತ ಡಾಕ್ಟರೇ ಹೇಳಿದ್ದ ಗಡಿ, ಅದರ ಕೆಳಗೆ ದಿನಕ್ಕೆ ಮೂರು ಹೊತ್ತಿನ ಲೆಕ್ಕ. ಬೆಳಗಿನ ಲೆಕ್ಕ ತಮ್ಮನ ಕೈಬರಹದಲ್ಲಿದೆ. ಪ್ರತಿ ಅಂಕಿಯ ಪಕ್ಕ ಪುಟ್ಟದಾಗಿ ಬರೆದಿದ್ದಾನೆ: 'ಕೈ ಬೆಚ್ಚಗಿತ್ತು.'